ಬೂದಿಯೋ ಬೀದಿಯೋ

ಮೂರನೇ ಪಾಳಿ ಅಂತ ಹೆಸರಿಟ್ಟುಕೊಂಡಿದ್ದರು.
ಮಿಲ್ಲಿನ ಕೂಗು ನಿಂತು ಆರು ವರ್ಷವಾಗಿತ್ತು ಆಗ.
ಪಾಳಿಯೇ ಇಲ್ಲದ ದಾವಣಗೆರೆಯಲ್ಲಿ
ನಾಲ್ಕು ಹುಡುಗರು ರಾತ್ರಿ ಹನ್ನೊಂದಕ್ಕೆ
ರೈಲ್ವೆ ಗೇಟಿನ ಪಕ್ಕದ ಹತ್ತಿ ಗೋದಾಮು ತೆರೆದು
ಗಿಟಾರಿಗೆ ಕರೆಂಟು ಕೊಡುತ್ತಿದ್ದರು.

ನಾನು ಮೊದಲು ಕೇಳಿದ್ದು ಗೋಡೆಯ ಈಚೆಯಿಂದ,
ಮಂಡಕ್ಕಿ ಭಟ್ಟಿಯಲ್ಲಿ ಅಪ್ಪನಿಗೆ ಬುತ್ತಿ ಕೊಟ್ಟು ಬರುವಾಗ.
ಹಾಡು ಅಂತ ಅನ್ನಿಸಲೇ ಇಲ್ಲ.
ಯಾರೋ ರಸ್ತೆಗುಂಟ ತಗಡು ಎಳೆದುಕೊಂಡು ಹೊರಟಿದ್ದಾರೆ,
ಆ ತಗಡಿನ ಮೇಲೊಬ್ಬ ಕೂತು
ಜಗಳಕ್ಕೆ ಕರೆಯುವ ದನಿಯಲ್ಲಿ ಅಳುತ್ತಿದ್ದಾನೆ.
ಚಪ್ಪಲಿ ಕೈಯಲ್ಲಿ ಹಿಡಿದು ನಿಂತಿದ್ದೆ.
ಯಾಕೆ ಬಿಚ್ಚಿದೆನೋ, ಇವತ್ತಿಗೂ ಗೊತ್ತಿಲ್ಲ.

ಅವರದು ಒಂದೇ ಕ್ಯಾಸೆಟ್ಟು.
ಮೂರನೇ ಹಾಡಿನ ನಡುವೆ ಗೂಡ್ಸು ಗಾಡಿಯೊಂದು ಕೂಗುತ್ತದೆ,
ಮತ್ತೆ ರೆಕಾರ್ಡು ಮಾಡಲು ದುಡ್ಡಿರಲಿಲ್ಲವಂತೆ.
ಆ ಕೂಗಿಲ್ಲದೆ ಆ ಹಾಡು ನನಗೆ ಬರುವುದಿಲ್ಲ,
ಹೊಲಿಗೆ ಮಷೀನಿನ ಮುಂದೆ ಗುನುಗುವಾಗಲೂ
ಅಲ್ಲಿ ಬಂದು ಬಾಯಿ ತಾನೇ ನಿಲ್ಲುತ್ತದೆ.

"ಮಿಕ್ಸಿಗೆ ಕಲ್ಲು ಹಾಕಿದಂಗೈತೆ" ಅಂದರು ಅತ್ತೆ.
ಟೇಪು ಸಿಕ್ಕುಬಿದ್ದ ಮಧ್ಯಾಹ್ನ
ಬೈಯುತ್ತಲೇ ಪೆನ್ಸಿಲು ತೂರಿಸಿ
ಎಳೆ ನಲುಗದಂತೆ ಸುತ್ತಿಕೊಟ್ಟರೂ ಅವರೇ.
ಮಿಲ್ಲಿನಲ್ಲಿ ಹದಿನೆಂಟು ವರ್ಷ ನೂಲು ಸುತ್ತಿದ ಕೈ.

ಊರಲ್ಲಿ ಈಗ ಉಳಿದವರು ನಾವು ನಾಲ್ವರೇ ಇರಬೇಕು.
ವೆಲ್ಡಿಂಗಿನ ಗೌಸ್‌ಪೀರ್, ಲೈನ್‌ಮನ್ ಹಾಲೇಶ,
ಹೆರಿಗೆ ಆಸ್ಪತ್ರೆಯ ನರ್ಸು ವನಜಾಕ್ಷಿ, ನಾನು.
ನಮ್ಮ ಜಾತಿ ಬೀದಿ ವಯಸ್ಸು ಯಾವುದೂ ಹೊಂದುವುದಿಲ್ಲ.
ಇಪ್ಪತ್ತಾರು ವರ್ಷದಿಂದ ಒಂದೇ ಜಗಳ:
ಕೊನೆಯ ಹಾಡಿನಲ್ಲಿ ಅವನು ಅನ್ನುವುದು
ಬೂದಿಯೋ, ಬೀದಿಯೋ?
ಗೌಸ್‌ಪೀರನ ಹೆಂಡತಿ ಸತ್ತ ವಾರ
ಯಾರೂ ಏನೂ ಮಾತಾಡಲಾಗದೆ ಕೂತಿದ್ದಾಗ
ಅವನೇ ಅಂದ, "ಬೂದಿನೇ ಕಣ್ರೋ."
"ಬೀದಿ" ಅಂದಳು ವನಜಾಕ್ಷಿ, ಕಣ್ಣೊರೆಸಿಕೊಳ್ಳುತ್ತ.

ಹಾಡುತ್ತಿದ್ದವನು ತೀರಿಕೊಂಡಿದ್ದು ಎಲ್ಲೋ ಪರ ಊರಲ್ಲಿ.
ಡ್ರಮ್ಮಿನ ಮುರಿಗೇಶ ಮಾತ್ರ ಹರಿಹರ ರಸ್ತೆಯಲ್ಲಿ
ಪೈಪು, ನಲ್ಲಿ ಮಾರುತ್ತಾನೆಂದು ಈ ಚೈತ್ರದಲ್ಲಿ ತಿಳಿಯಿತು.
ನಾಲ್ವರೂ ಹೋದೆವು, ಬೀಗರ ಮನೆಗೆ ಹೋಗುವವರ ಹಾಗೆ ಇಸ್ತ್ರಿ ಮಾಡಿಕೊಂಡು.
ಅವನ ಮುಖ ಕಂಡದ್ದೇ ಹೆದರಿ
"ಒಂದು ನಲ್ಲಿ ಬೇಕಿತ್ತು" ಅಂದುಬಿಟ್ಟ ಹಾಲೇಶ.

ಆಮೇಲೆ ಹೇಳಿದೆವು.
ನಕ್ಕ. ಬೆವರೊರೆಸಿಕೊಂಡ.
"ಯಾವ ಹಾಡು? ನನಗೆ ನೆನಪೇ ಇಲ್ಲವಲ್ಲ ತಾಯಿ."
ಎರಡು ತುಂಡು ಪೈಪು ಎತ್ತಿ
ಖಾಲಿ ಸಿಂಟೆಕ್ಸಿನ ಮೇಲೆ ಬಡಿದು ನೋಡಿದ.
"ಹಂಗಲ್ಲ ಸಾರ್," ಅಂದ ಗೌಸ್‌ಪೀರ್,
"ನಾಲ್ಕನೇ ಏಟು ತಡವಾಗಿ ಬೀಳಬೇಕು.
ಅವತ್ತು ನೀವು ತಪ್ಪಿದ್ರಿ.
ನಮಗೆ ಆ ತಪ್ಪೇ ಬೇಕು."

ಮತ್ತೆ ಬಡಿದ. ಮತ್ತೆ.
ಅಂಗಡಿ ಹುಡುಗ ತೂಕದ ತಕ್ಕಡಿ ಬಿಟ್ಟು ನಿಂತ.
ಏಳನೆಯ ಸಲವೋ ಎಂಟನೆಯದೋ
ಸಿಂಟೆಕ್ಸಿನ ಹೊಟ್ಟೆಯೊಳಗಿಂದ ಬಂತು
ನನ್ನ ಹದಿನೇಳನೇ ವಯಸ್ಸು, ಬರಿಗಾಲಲ್ಲಿ.

ಬೂದಿ, ಬೀದಿ ಕೇಳಿದೆವು.
"ನನಗೆಲ್ಲಿ ಕೇಳಬೇಕು, ನಾನು ಹಿಂದೆ ಕೂತಿರುತ್ತಿದ್ದೆ,
ನನ್ನ ಸದ್ದು ಬಿಟ್ಟು ಇನ್ನೇನೂ ಕೇಳುತ್ತಿರಲಿಲ್ಲ.
ನೀವೇ ಪುಣ್ಯವಂತರು, ಗೋಡೆ ಆಚೆ ಇದ್ದಿರಿ."

ವಾಪಸು ಬರುವಾಗ ಗೇಟು ಹಾಕಿತ್ತು.
ಗೂಡ್ಸು ಗಾಡಿ, ಮುಗಿಯದ ಡಬ್ಬಿಗಳು.
ಕೂಗಿತು.
ಎರಡು ಬೈಕಿನ ಮೇಲೆ ನಾಲ್ವರೂ
ಒಂದೇ ಜಾಗದಲ್ಲಿ ಉಸಿರೆಳೆದುಕೊಂಡೆವು, ಮುಂದಿನ ಸಾಲಿಗೆ.

ಗೇಟು ಎದ್ದರೂ ನಾವು ಏಳಲಿಲ್ಲ.
ಹಿಂದಿನ ಆಟೋದವನು ಬೈದ.
ಆಗ ನೋಡಿಕೊಂಡ ಹಾಲೇಶ:
ನಲ್ಲಿ ಕೈಯಲ್ಲೇ ಇದೆ,
ದುಡ್ಡು ಕೊಟ್ಟಿಲ್ಲ.