ಮರದ ಮೊಳೆ

ಆಗಸ್ಟ್. ಫ್ರೆಸ್ನೋದಲ್ಲಿ ಹೊತ್ತು ಹುಟ್ಟುವ ಮೊದಲೇ ಬಿಸಿ.
ಸಾಲಿನಲ್ಲಿ ನನ್ನ ಮುಂದೆ ಮೂರು ಗಾಡಿ, ಮೂರೂ
ಸದ್ದಿಲ್ಲದೆ ಒಳಹೋಗಿ ಸದ್ದಿಲ್ಲದೆ ಪಾಸಾಗುವ ಜಾತಿ.
ನನ್ನದು ಎಂಬತ್ತೊಂದರ ಫೋರ್ಡ್, ಒಣದ್ರಾಕ್ಷಿ ಪೆಟ್ಟಿಗೆ ಹೊರುವಂಥದು,
ನಿಂತಲ್ಲೇ ಕೆಮ್ಮುತ್ತದೆ,
ಆಸ್ಪತ್ರೆಯ ಬಾಗಿಲಲ್ಲಿ ಕೆಮ್ಮು ಜೋರಾಗುವ ಮುದುಕನ ಹಾಗೆ.

ಪಾಕೂ ಯಾಂಗ್ ಹಿಂದಿನ ಚಕ್ರಗಳನ್ನು ಉರುಳೆಗಳ ಮೇಲೆ ನಿಲ್ಲಿಸಿ
ಹೊಗೆಕೊಳವೆಗೆ ಸಲಾಕೆ ತೂರಿಸಿದಳು.
ಗಾಡಿ ಓಡಿತು, ಗಂಟೆಗೆ ಹದಿನೈದು ಮೈಲಿ, ಆಮೇಲೆ ಇಪ್ಪತ್ತೈದು,
ಎಲ್ಲಿಗೂ ಹೋಗಲಿಲ್ಲ.
ಚೀಟಿ ಬಂತು. ಕಾರ್ಬನ್ ಮಾನಾಕ್ಸೈಡ್ ಇರಬೇಕಾದ್ದರ ನಾಲ್ಕು ಪಟ್ಟು.
"ಬೆದ್ರೋಸ್, ಇದು ಪೆಟ್ರೋಲ್ ಸುಡುತ್ತಿಲ್ಲ,
ಕುಡಿದು ಕಕ್ಕುತ್ತಿದೆ," ಅಂದಳು.

ಅಡಿಗೆಮನೆ ಮೇಜಿನ ಮೇಲೆ ಹಳೇ ಪೇಪರು ಹಾಸಿ
ಕಾರ್ಬ್ಯುರೇಟರ್ ಬಿಚ್ಚಿದೆ.
ಸಿರ್ವಾರ್ಡ್ ತನ್ನ ಹಿಟ್ಟಿನ ಪಾತ್ರೆ ಎತ್ತಿಕೊಂಡು
ಮಾತಿಲ್ಲದೆ ಹಿತ್ತಿಲಿಗೆ ಹೋದಳು.
ರಾಗಿಕಾಳು ತೂರದ ತೂತುಗಳು. ಒಂದೊಂದಕ್ಕೂ ಗಾಳಿ, ಒಂದೊಂದಕ್ಕೂ ತಾಳ್ಮೆ.
ಹಿತ್ತಾಳೆಯ ತೇಲುಬುರುಡೆ
ಕಿವಿಯ ಬಳಿ ಅಲ್ಲಾಡಿಸಿದರೆ ಗುಳುಗುಳು:
ತೇಲಬೇಕಾದ್ದೇ ಮುಳುಗಿತ್ತು, ಎಷ್ಟು ವರ್ಷದಿಂದಲೋ.
ಹೊಸದು ಹಾಕಿದೆ. ಸ್ಕ್ರೂ ಒಳಗೆ ಕಾಲು ಸುತ್ತು, ಇನ್ನೊಂದಿಷ್ಟು,
ಎಂಜಿನ್ ತಡವರಿಸುವ ತನಕ,
ಆಮೇಲೆ ಕೂದಲೆಳೆಯಷ್ಟು ಹಿಂದಕ್ಕೆ.

ಎರಡನೇ ಸಲ ಮಾನಾಕ್ಸೈಡ್ ಇಳಿದಿತ್ತು, ನೈಟ್ರೋಜನ್ ಏರಿತ್ತು.
ಇಲ್ಲಿ ಒತ್ತಿದರೆ ಅಲ್ಲಿ ಉಬ್ಬುವ ಹಾಸಿಗೆ.
"ಒಂದಿಷ್ಟು ಹೊಗೆ ವಾಪಸು ಹೋಗಿ ಒಳಗಿನ ಬೆಂಕಿ ತಣಿಸಬೇಕು,
ಆ ಕವಾಟ ತೆರೆಯುತ್ತಿಲ್ಲ," ಪಾಕೂ ಹೇಳಿದಳು.
"ಕಣ್ಣಿಗೆ ಎಲ್ಲಾ ಸರಿಯಿದೆ. ಕಣ್ಣನ್ನು ನಂಬಬೇಡ."

ಭಾನುವಾರ ಒಂದೊಂದೇ ನಳಿಗೆ ಕಿತ್ತು ಬಾಯಿಗಿಟ್ಟು ಊದಿದೆ.
ಏಳನೆಯದರಲ್ಲಿ ಉಸಿರು ಹೋಗಲಿಲ್ಲ.
ಚಾಕುವಿನಿಂದ ಸೀಳಿದರೆ ಒಳಗೆ ಮರದ ಮೊಳೆ,
ಗಾಲ್ಫ್ ಚೆಂಡು ಕೂರಿಸುತ್ತಾರಲ್ಲ, ಅಂಥದು,
ತಲೆ ಕತ್ತರಿಸಿ, ಎಣ್ಣೆ ಹಚ್ಚಿ, ನೀಟಾಗಿ ತಳ್ಳಿದ್ದ ಪುಣ್ಯಾತ್ಮ.
ಹೊರಗಿನಿಂದ ನೋಡಿದರೆ ನಳಿಗೆ ನಳಿಗೆಯೇ.

ತೋರಿಸಿದಾಗ ಪಾಕೂ ಹುಬ್ಬೇರಿಸಿದಳು, ಅಷ್ಟೇ.
ಕುಂಬಳಕಾಯಿ ಕಳ್ಳ ಅಂದಂತಾಯಿತು, ಹೆಗಲು ಮುಟ್ಟಿಕೊಂಡೆ:
"ನಾನಲ್ಲ. ಹ್ಯಾಸ್ಕಿನ್ಸ್ ಇರಬೇಕು, ಹಿಂದಿನ ಮಾಲೀಕ, ಸತ್ತಿದ್ದಾನೆ."
"ಸತ್ತವರು ಒಳ್ಳೇ ಸಾಕ್ಷಿ," ಅಂದಳು
ನಳಿಗೆಯ ಅಳತೆ ಬರೆದುಕೊಡುತ್ತಾ.

ಹೊಸ ನಳಿಗೆಗೆ ಎರಡು ಡಾಲರು ಹತ್ತು ಸೆಂಟು.
ಮೂರನೇ ಸಲ ಇಪ್ಪತ್ತು ಮೈಲಿ ಓಡಿಸಿ, ಬಿಸಿ ಆರುವ ಮೊದಲೇ ಒಯ್ದೆ.
ಚೀಟಿ ಹೊರಬರುವಾಗ ಪಾಕೂ ಅದನ್ನು ಹರಿಯದೆ ಹಾಗೇ ಬಿಟ್ಟು
ನನ್ನ ಕಡೆ ನೋಡದೆ ಕಾಫಿ ತರಲು ಹೋದಳು.
ನಾನೇ ಓದಿದೆ.
ಪಾಸು. ನೈಟ್ರೋಜನ್‌ನಲ್ಲಿ ಹನ್ನೊಂದೇ ಅಂಕೆ ಕಡಿಮೆ.

ದಾರಿಯಲ್ಲೇ ಕ್ಲೋವಿಸ್. ಹ್ಯಾಸ್ಕಿನ್ಸನ ಹೆಂಡತಿ ಓಲೀಟಾ
ಜಗಲಿಯಲ್ಲಿ ಅಲಸಂದೆ ಸುಲಿಯುತ್ತಿದ್ದಳು.
ಮೊಳೆಯನ್ನು ಅಂಗೈಯಲ್ಲಿಟ್ಟು ಕೇಳಿದೆ: ಗಾಲ್ಫ್ ಆಡುತ್ತಿದ್ದರಾ?
ನಕ್ಕಳು, ಮಡಿಲ ಕಾಳು ಚೆಲ್ಲುವಷ್ಟು.
"ಎಲ್ವುಡ್? ಮೂವತ್ತು ವರ್ಷ ಅಲ್ಲಿಯ ಹುಲ್ಲು ಕತ್ತರಿಸಿದ.
ದಿನಾ ಜೇಬಿನ ತುಂಬ ಇವು. ನನ್ನ ವಾಷಿಂಗ್ ಮೆಷೀನ್ ಎರಡು ಸಲ ಕೆಟ್ಟಿತು.
ಕುರ್ಚಿಯ ಕಾಲು, ಕಿಟಕಿಯ ಸಂದು, ಇಲಿಯ ಬಿಲ,
ಎಲ್ಲಕ್ಕೂ ಇದೇ ಮದ್ದು."

ಗಾಡಿಯ ಹಿಂದೆ ನಿಂತು ಮೂಗರಳಿಸಿದಳು.
ವಾಸನೆ ಇರಲಿಲ್ಲ.
ಕಣ್ಣು ತುಂಬಬಹುದೆಂದು ನಾನು ಟೋಪಿ ತೆಗೆದು ಕಾದೆ.
"ಮೂವತ್ತೆಂಟು ವರ್ಷ ಅವನ ಅಂಗಿಗಳಿಂದ ಆ ಹೊಗೆ ಒಗೆದೆ.
ಈಗ ಬಂತಾ ಬುದ್ಧಿ ಇದಕ್ಕೆ?"
ಬಾನೆಟ್ಟಿಗೆ ಒಂದು ಏಟು ಕೊಟ್ಟು
ಅಲಸಂದೆಗೆ ಮರಳಿದಳು.

ಮೊಳೆ ಆಷ್‌ಟ್ರೇಯಲ್ಲಿದೆ. ಕೆಂಪುದೀಪದಲ್ಲಿ ನಿಂತಾಗ
ಮೆಲ್ಲಗೆ ಗಲಗಲ ಅನ್ನುತ್ತದೆ. ಓಡುವಾಗ ಕೇಳಿಸುವುದಿಲ್ಲ.
ಎರಡು ವರ್ಷಕ್ಕೆ ಮತ್ತೆ ಪರೀಕ್ಷೆ.