ತೋರುಬೆರಳಿನ ಎಳಿ

ಎಲುಬು ಕೂಡ್ಯದ ಅಂದ್ರು, ಪ್ಲಾಸ್ಟರ್ ಕೊಯ್ದು ತಗದ್ರು.
ಎಂಟು ದಿನಕ್ಕ, ಅಂಗಿ ಗುಂಡಿ ಹಾಕೋವಾಗ,
ಸಪ್ಪಳಿಲ್ಲದ ಏನೋ ಹರೀತು.
ನೋವೂ ಇಲ್ಲ. ಹೆಬ್ಬಟ್ಟು ಜೋತುಬಿತ್ತು.

ರೇಶನ್ ಅಂಗಡ್ಯಾಗ ಒತ್ತಲಿಕ್ಕ ಬರ್ತದ,
ಎತ್ತಲಿಕ್ಕ ಬರೂದಿಲ್ಲ.

ಸೋಲಾಪುರದಾಗ ಮೂವತ್ತು ವರ್ಷ
ಟಾವೆಲ್ ಮಗ್ಗದ ಮುಂದ ನಿಂತಾಂವ ನಾ.
ಹಾಸಿನ ಎಳಿ ಹರದ್ರ ತುದಿ ಹುಡುಕಿ
ಗಂಟು ಹಾಕತಿದ್ದೆ, ಮಗ್ಗ ಓಡತಿತ್ತು.
ಇದರ ತುದಿ ಎಲ್ಲದ?

"ಸವದು ಹರದದ, ಗಂಟು ನಿಲ್ಲೂದಿಲ್ಲ"
ಅಂದ್ರು ಡಾಕ್ಟರ್ ಚಾಕೋತೆ.
ತೋರುಬೆರಳಿಂದ ಒಂದೆಳಿ ಕಡ ತಂದು
ಹೆಬ್ಬಟ್ಟಿಗೆ ಹೊಲದ್ರು.

ಈಗ ಹೆಬ್ಬಟ್ಟು ಎತ್ತಬೇಕಂದ್ರ
ಯಾರನ್ನರ ಬೆರಳು ಮಾಡಿ ತೋರಸ್ದಂಗ
ಮನಸಿನ್ಯಾಗ ನೆನಸಬೇಕಂತ.

ನಾ ಜಾರಿದ ಆ ಎಣ್ಣಿ ನೆನಸ್ತೀನಿ,
ಮೂರು ದಿನ ಹೇಳಿದ್ರೂ ಒರಸಸದ
ಮುಕಾದಮನ್ನ ನೆನಸ್ತೀನಿ.

ಏಳತದ.