ಷರಾ

ಮೂರನೆಯ ವರ್ಷದ ಬಿ.ಎಸ್ಸಿ.ಗೆ ಒಂದು ಪ್ರಾಜೆಕ್ಟು:
ಮಳೆಗೂ ಕಪ್ಪೆಗೂ ಏನು ನಂಟು.
ನಾವು ಮೂವರು, ಮೂರು ತಾರಸಿ,
ಕತ್ತು ಕೊಯ್ದ ಎರಡು ಲೀಟರಿನ ಬಾಟಲಿ,
ಅದಕ್ಕೆ ಅಂಟಿಸಿದ ಕಂಪಾಸ್ ಬಾಕ್ಸಿನ ಸ್ಕೇಲು.

ಲಗ್ಗೆರೆಯಲ್ಲಿ ಹೊಯ್ದ ಮಳೆ
ಮಲ್ಲತ್ತಹಳ್ಳಿಗೆ ಬರುವಷ್ಟರಲ್ಲಿ ಮನಸ್ಸು ಬದಲಿಸಿರುತ್ತದೆ.
ತಬಸ್ಸುಮ್ ಇಪ್ಪತ್ತೆರಡು ಮಿಲಿಮೀಟರ್ ಎಂದು ಮೆಸೇಜು ಹಾಕಿದಾಗ
ನನ್ನ ಬಾಟಲಿಯಲ್ಲಿ ಒಂದು ಸತ್ತ ಗೊದ್ದ.

ರಾತ್ರಿ ಎಂಟಕ್ಕೆ ರಾಜಕಾಲುವೆಯ ಕಟ್ಟೆ.
ಮೂಗಿಗೆ ದುಪಟ್ಟಾ, ಕಿವಿ ಬಯಲು.
ಐದು ನಿಮಿಷ ಕೇಳಬೇಕು, ಅಷ್ಟೇ ಕೆಲಸ.
ಕೂಗೇ ಇಲ್ಲದಿದ್ದರೆ ಸೊನ್ನೆ.
ಬಿಡಿಬಿಡಿಯಾಗಿ, ಎಣಿಸುವಂತಿದ್ದರೆ ಒಂದು.
ಒಂದರ ಮಾತಿಗೆ ಇನ್ನೊಂದು ಬಾಯಿ ಹಾಕಿದರೆ ಎರಡು.
ಊರಿಗೂರೇ ಕೂಗಿದರೆ ಮೂರು;
ಮೂರರ ಮೇಲೆ ಅಂಕಿಯಿಲ್ಲ.
ಸ್ಕೂಟರು ನಿಧಾನಿಸಿ ಯಾರೋ ಕೇಳಿದರು,
ಏನು ಕಳಕೊಂಡ್ಯಮ್ಮಾ?
ಕಪ್ಪೆ ಎಂದೆ.
ಪಾಪ, ಟಾರ್ಚು ಹಾಕಿ ಅವರೂ ಹುಡುಕಿದರು.

ಹದಿನೇಳು ರಾತ್ರಿ ಸೊನ್ನೆ.
ಬರೆದೂ ಬರೆದೂ ನನ್ನ ಸೊನ್ನೆ ದುಂಡಗಾಯಿತು.

ಏಪ್ರಿಲ್ ಇಪ್ಪತ್ತೊಂಬತ್ತು.
ಗುಡುಗಿ, ಕರೆಂಟು ಹೋಗಿ,
ಪಕ್ಕದ ಗ್ಯಾರೇಜಿನ ತಗಡಿಗೆ ಮೂಟೆ ಬಿಚ್ಚಿ ಸುರಿದಂತೆ ಮಳೆ.
ಕಾಲುವೆಗೆ ಓಡಿದೆ.
ಮೂರು! ಮೂರೇ!
ಪುಸ್ತಕ ನೆಂದು ಮುದ್ದೆಯಾಗಿ
ಮೊಣಕೈ ಮೇಲೆ ಬರೆದುಕೊಂಡೆ.

ಬೆಳಿಗ್ಗೆ ಎಂಟೂವರೆಗೆ ತಾರಸಿ ಹತ್ತಿದರೆ
ಬಾಟಲಿ ಬರಿದು.
ಅಜ್ಜಿ ಕರಿಬೇವಿನ ಕುಂಡದ ಮುಂದೆ:
ಭರಣಿ ಮಳೆ ನೀರು ಕಣೇ, ಸುಮ್ನೆ ಬಿಡೋದಾ?

ಎಷ್ಟಿತ್ತಜ್ಜೀ?
ತೋರುಬೆರಳಿನ ಎರಡನೇ ಗೆಣ್ಣಿಗೆ ಹೆಬ್ಬೆರಳಿಟ್ಟಳು,
ಅನ್ನಕ್ಕೆ ನೀರಳೆಯುವ ಅದೇ ಗೆಣ್ಣು.
ಸ್ಕೇಲು ಹಿಡಿದೆ: ನಲವತ್ತೊಂದು.
ಇನ್ನೊಮ್ಮೆ ತೋರಿಸೆಂದೆ: ನಲವತ್ತಾರು.

ಅಕ್ಕಪಕ್ಕದ ದಿನಗಳ ಸರಾಸರಿ ತುಂಬು, ಎಂದಳು ತಬಸ್ಸುಮ್.
ಬೆರಳನ್ನೇ ಬರಿ, ಯಾರಿಗೆ ಗೊತ್ತಾಗುತ್ತೆ, ಎಂದ ಲಿಂಗಣ್ಣ.
ಪೊನ್ನಮ್ಮ ಮೇಡಂ ಕನ್ನಡಕ ಹಣೆಗೇರಿಸಿ
ಹಾಳೆಯನ್ನು ಬಹಳ ಹೊತ್ತು ನೋಡಿದರು.
ಮಳೆಯ ಮನೆ ಖಾಲಿ.
ಕಪ್ಪೆಯ ಮನೆಯಲ್ಲಿ ಮೂರು.
ಷರಾ: ಅಜ್ಜಿ.

ಹೀಗೇ ಇರಲಿ, ಅಂದರು.

ಹೀಗೇ ಇದೆ.
ಗ್ರಾಫಿನ ಗೆರೆ ಅಲ್ಲಿಗೆ ಬಂದು ನಿಂತು
ಒಂದು ದಿನ ದಾಟಿ ಮತ್ತೆ ಶುರುವಾಗುತ್ತದೆ.
ಇಡೀ ಬೇಸಿಗೆಯಲ್ಲಿ ಸಿಕ್ಕ ಒಂದೇ ಒಂದು ಮೂರು
ತನ್ನ ಮಳೆಯಿಲ್ಲದೆ ನಿಂತಿದೆ.
ಕರಿಬೇವು ಚಿಗುರಿದೆ; ಅದನ್ನು ನಾವು ಅಳೆಯುತ್ತಿಲ್ಲ.

ನಾನಿನ್ನೂ ಹಲ್ಲುಜ್ಜುತ್ತಿರುವಾಗಲೇ
ಅಜ್ಜಿ ಮಂಡಿ ಹಿಡಿದು ಮೆಟ್ಟಿಲು ಹತ್ತಿ,
ಕೈ ಹಿಂದೆ ಕಟ್ಟಿ, ಬಗ್ಗಿ ನೋಡಿ,
ಬೀದಿಗೆಲ್ಲ ಕೇಳುವಂತೆ ಕೂಗುತ್ತಾಳೆ:
ಇವತ್ತು ಸೊನ್ನೆ ಕಣೇ, ಬರಕೋ.